ನೆರಳು ಅಂದ್ರೆ ಯಾವ ನೆರಳು? ಸ್ಟುಡಿಯೋ ಸ್ಕ್ರೀನಿಗೆ ಪ್ರತಿಬಿಂಬ ಕೂರಿಸಿದ ಕಥೆ

ಸಾಗರದಲ್ಲಿ ನಮ್ಮ ಭಾವನದ್ದು ಫೋಟೋ ಸ್ಟುಡಿಯೋ. ಮದುವೆ ಮುಗಿದು ಹದಿನೈದು ದಿನಕ್ಕೆ ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಬಂದು ಆಲ್ಬಮ್‌ಗೆ ಫೋಟೋ ಆರಿಸುತ್ತಾರೆ. ಅದಕ್ಕೆ ಅಂತ ಹೋದ ವರ್ಷ ಒಂದು ಸಣ್ಣ ವಿಂಡೋಸ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಟಚ್ ಸ್ಕ್ರೀನ್ ಮೇಲೆ ಫೋಟೋ ಮುಟ್ಟಿದರೆ ಟಿಕ್ ಬೀಳುತ್ತದೆ, ಕೊನೆಗೆ ನಂಬರ್ ಪಟ್ಟಿ ಪ್ರಿಂಟ್ ಆಗುತ್ತದೆ. ಸಿ ಶಾರ್ಪ್‌ನಲ್ಲಿ ಬರೆದದ್ದು, ಸ್ಕ್ರೀನ್ ಭಾಗ ಡಬ್ಲ್ಯುಪಿಎಫ್, ಅಂದರೆ ವಿಂಡೋಸ್ ಪ್ರೋಗ್ರಾಂಗಳ ಸ್ಕ್ರೀನ್ ಕಟ್ಟಲು ಮೈಕ್ರೋಸಾಫ್ಟ್ ಕೊಟ್ಟ ಸಲಕರಣೆ. ಹಳೇ ಸರಕು ಅಂತ ನಗಬೇಡಿ, ಅಂಗಡಿಯ ಕಂಪ್ಯೂಟರೂ ಹಳೇದೇ: ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್.

ಈ ಸಲ ಹಬ್ಬಕ್ಕೆ ಹೋದಾಗ ಭಾವ ಹೊಸ ಬೇಡಿಕೆ ಇಟ್ಟರು. "ಫೋಟೋಗಳ ಕೆಳಗೆ ಒಂದು ನೆರಳು ಬರೋ ಹಂಗೆ ಮಾಡು ಮಾರಾಯ. ರಿಚ್ ಆಗಿ ಕಾಣತ್ತೆ."

ಮಾಡಿದ್ದನ್ನು, ಕೆಟ್ಟದ್ದನ್ನು ಎಲ್ಲ ಕ್ರಮವಾಗಿ ಬರೆದಿಡುತ್ತಿದ್ದೇನೆ.

ಮೊದಲ ಶನಿವಾರ, ಸಂಜೆ 6: ತಪ್ಪು ನೆರಳು

ಹತ್ತೇ ನಿಮಿಷದ ಕೆಲಸ ಅಂದುಕೊಂಡೆ. ಡ್ರಾಪ್ ಶ್ಯಾಡೋ ಎಫೆಕ್ಟ್ ಹಾಕಿದೆ, ಬ್ಲರ್ 12, ಆಳ 4. ಚೆನ್ನಾಗೇ ಬಂತು. ಭಾವನನ್ನು ಕರೆದು ತೋರಿಸಿದೆ.

"ಇದಲ್ಲ ಮಾರಾಯ. ನೆರಳು ಅಂದ್ರೆ ಕನ್ನಡಿ ನೆರಳು."

ನಮ್ಮ ಭಾಷೆಯಲ್ಲಿ ಎರಡಕ್ಕೂ ನೆರಳೇ ತಾನೆ. ಬಿಸಿಲಿಗೆ ಬೀಳುವುದೂ ನೆರಳು, ಬಾವಿಗೆ ಬಗ್ಗಿದರೆ ಕಾಣುವುದೂ ನೆರಳು. ಕೆಲಸ ಶುರು ಮಾಡುವ ಮೊದಲು ಕೇಳಬೇಕಿತ್ತು. ಭಾವ ಒಂದು ಫ್ರೇಮ್ ತಂದು ಕೌಂಟರಿನ ಕಪ್ಪು ಗ್ರಾನೈಟ್ ಮೇಲೆ ನಿಲ್ಲಿಸಿದರು. "ಹಿಂಗೆ."

ಆಗ ಅರ್ಥವಾಯಿತು. ಇದು 2006–07ರ ಹೊತ್ತಿನ ಫ್ಯಾಷನ್. ಐಟ್ಯೂನ್ಸ್ 7ರಲ್ಲಿ ಹಾಡಿನ ಆಲ್ಬಮ್ ಚಿತ್ರಗಳು ಕಪ್ಪು ನೆಲದ ಮೇಲೆ ನಿಂತು ಕೆಳಗೆ ಮಿಂಚುತ್ತಿದ್ದವಲ್ಲ, ಅದೇ. ಮ್ಯಾಕ್‌ನ ಕೆಳಗಿನ ಡಾಕ್ ಕೂಡ 2007ರಲ್ಲಿ ಗಾಜಿನ ಹಲಗೆ ಆಯಿತು. 2013ರಲ್ಲಿ ಐಓಎಸ್ 7 ಬಂದ ಮೇಲೆ ಎಲ್ಲರೂ ಚಪ್ಪಟೆಗೆ ತಿರುಗಿದರು. ಆದರೆ ಸಾಗರದ ಮದುವೆ ಮನೆಯವರಿಗೆ ಚಪ್ಪಟೆ ಡಿಸೈನ್ ಬೇಕಿಲ್ಲ. ಆಲ್ಬಮ್‌ಗೆ ದುಡ್ಡು ಕೊಡುವವರು ಅವರು, ಅವರಿಗೆ ಮಿಂಚಬೇಕು.

ಫ್ರೇಮನ್ನು ಕೌಂಟರ್ ಮೇಲೆ ಹಾಗೇ ಬಿಟ್ಟು ಮೊಬೈಲಲ್ಲಿ ಒಂದು ಫೋಟೋ ಹೊಡೆದುಕೊಂಡೆ. ಕಂಡದ್ದು ಎರಡು. ಒಂದು, ಪ್ರತಿಬಿಂಬ ಫ್ರೇಮಿನ ಬುಡಕ್ಕೇ ಅಂಟಿಕೊಂಡು ಶುರುವಾಗುತ್ತದೆ, ನಡುವೆ ಸಣ್ಣದೊಂದು ಕಪ್ಪು ಗೆರೆ ಅಷ್ಟೆ. ಎರಡು, ನಿಜವಾದ ಗ್ರಾನೈಟ್‌ನಲ್ಲಿ ಅದು ಕೆಳಗೆ ಹೋದ ಹಾಗೆ ಮಾಸುವುದಿಲ್ಲ, ತಲೆವರೆಗೂ ಪೂರ್ತಿ ಕಾಣುತ್ತದೆ. ಸ್ಕ್ರೀನ್ ಮೇಲೆ ಮಾಸುವ ಹಾಗೆ ಮಾಡುವುದು ಡಿಸೈನರ್‌ಗಳು ಕಟ್ಟಿಕೊಂಡ ಅಭ್ಯಾಸ. ಆದರೂ ಮಾಸಿಸಲೇಬೇಕು. ಇಲ್ಲದಿದ್ದರೆ ಅರ್ಧ ಸ್ಕ್ರೀನ್ ತಲೆಕೆಳಗಾದ ನೆಂಟರಿಂದ ತುಂಬಿ ಹೋಗುತ್ತದೆ.

ಶನಿವಾರ, ರಾತ್ರಿ 9: ಖಾಲಿ ಡಬ್ಬಿ

ಅಳತೆ ಮೊದಲೇ ಗೊತ್ತಿತ್ತು. ಫೋಟೋ ಜಾಗ 240 ಅಗಲ, 160 ಎತ್ತರ. ಪ್ರತಿಬಿಂಬಕ್ಕೆ ಎತ್ತರದ ಶೇ. 35, ಅಂದರೆ 56. ಡಬ್ಲ್ಯುಪಿಎಫ್‌ನಲ್ಲಿ ಒಂದು ಯೂನಿಟ್ ಅಂದರೆ ಇಂಚಿನ 96ನೇ ಒಂದು ಭಾಗ. ಅಂಗಡಿಯ ಸ್ಕ್ರೀನ್ 125% ಸ್ಕೇಲಿಂಗ್‌ನಲ್ಲಿದೆ, ಆದ್ದರಿಂದ ಫೋಟೋ 300 x 200 ಪಿಕ್ಸೆಲ್, ಪ್ರತಿಬಿಂಬ 70 ಪಿಕ್ಸೆಲ್.

ಇದಕ್ಕೆ ಅಂತಲೇ ವಿಷುಯಲ್ ಬ್ರಷ್ ಇದೆ. ಸ್ಕ್ರೀನಿನ ಯಾವುದೇ ತುಂಡನ್ನು ತೋರಿಸಿ "ಇದನ್ನೇ ಬಣ್ಣ ಮಾಡಿಕೊಂಡು ಬಳಿ" ಅನ್ನಬಹುದು. ಫೋಟೋದ ಕೆಳಗೆ ಒಂದು ರೆಕ್ಟ್ಯಾಂಗಲ್ (ಖಾಲಿ ಆಯತದ ಡಬ್ಬಿ) ಇಟ್ಟೆ, ಅದಕ್ಕೆ ವಿಷುಯಲ್ ಬ್ರಷ್ ತುಂಬಿದೆ, ಬ್ರಷ್‌ಗೆ ಸ್ಕೇಲ್ ವೈ ಮೈನಸ್ 1, ಅಂದರೆ ತಲೆಕೆಳಗಾಗು ಅಂತ, ಕೊಟ್ಟೆ. ರನ್ ಮಾಡಿದೆ. ಏನೂ ಇಲ್ಲ. ಖಾಲಿ.

ಅರ್ಧ ಗಂಟೆ ಬೈಂಡಿಂಗ್ (ಬ್ರಷ್‌ಗೂ ಫೋಟೋಗೂ ನಡುವಿನ ಕೊಂಡಿ) ತಪ್ಪಿದೆಯೇನೋ ಅಂತ ಹುಡುಕಿದೆ. ಬೈಂಡಿಂಗ್ ಸರಿಯಾಗೇ ಇತ್ತು. ತಲೆ ಕೆಟ್ಟು, ಬ್ರಷ್ ಬಿಟ್ಟು ರೆಕ್ಟ್ಯಾಂಗಲನ್ನೇ ಮಗುಚಿದೆ. ಚಿತ್ರ ಬಂತು! ಆದರೆ ಮಾಸಿಸಲು ಹಾಕಿದ್ದ ಒಪಾಸಿಟಿ ಮಾಸ್ಕ್ ಕೂಡ ಜೊತೆಗೇ ಮಗುಚಿಕೊಂಡಿತು. ಬುಡದಲ್ಲಿ ಏನೂ ಇಲ್ಲ, ಕೆಳಗೆ ಹೋದಷ್ಟೂ ದಟ್ಟ. ದೆವ್ವದ ಸಿನಿಮಾ ಪೋಸ್ಟರ್ ಹಾಗೆ.

ಮಲಗುವ ಹೊತ್ತಿಗೆ ಹೊಳೆಯಿತು. ಮಗುಚುವಾಗ ಯಾವ ಗೆರೆಯನ್ನು ಹಿಡಿದು ಮಗುಚಬೇಕು ಅಂತ ನಾನು ಹೇಳಿರಲೇ ಇಲ್ಲ. ಹೇಳದಿದ್ದರೆ ಸೆಂಟರ್ ವೈ ಸೊನ್ನೆ. ಅಂದರೆ ಮೇಲಿನ ಅಂಚನ್ನು ಹಿಡಿದು ಮಗುಚಿ, ಚಿತ್ರ ಪೂರ್ತಿ ಡಬ್ಬಿಯಿಂದ ಆಚೆ ಹೋಗಿ ಬಿದ್ದಿದೆ. ರೆಕ್ಟ್ಯಾಂಗಲನ್ನು ನೆಟ್ಟಗೆ ಮಾಡಿ, ಬ್ರಷ್‌ನ ರಿಲೇಟಿವ್ ಟ್ರಾನ್ಸ್‌ಫಾರ್ಮ್‌ನಲ್ಲಿ ಸೆಂಟರ್ ವೈ 0.5, ಅಂದರೆ ನಟ್ಟನಡುವಿನ ಗೆರೆ, ಕೊಟ್ಟೆ. ಸರಿಯಾಯಿತು. ಹೀಗೆ ಮಾಡಿದರೆ ಬ್ರಷ್ ಮಾತ್ರ ಮಗುಚುತ್ತದೆ, ಮಾಸ್ಕ್ ನೆಟ್ಟಗೆ ಇರುತ್ತದೆ.

ಆದರೆ ಮುಖಗಳೆಲ್ಲ ರೊಟ್ಟಿ ತಟ್ಟಿದ ಹಾಗಿದ್ದವು. 160 ಎತ್ತರದ ಇಡೀ ಫೋಟೋವನ್ನು 56ರೊಳಗೆ ತುರುಕಿದರೆ ಇನ್ನೇನಾಗುತ್ತದೆ. ವ್ಯೂಬಾಕ್ಸ್ ಅಂತ ಇದೆ, ಬ್ರಷ್ ಯಾವ ತುಂಡನ್ನು ಮಾತ್ರ ತಗೊಳ್ಳಬೇಕು ಅನ್ನುವುದಕ್ಕೆ. 0, 0.65, 1, 0.35 ಕೊಟ್ಟೆ (ಎಡದಿಂದ ಎಷ್ಟು, ಮೇಲಿಂದ ಎಷ್ಟು, ಅಗಲ, ಎತ್ತರ, ಎಲ್ಲ ಇಡೀ ಫೋಟೋದ ಪಾಲಿನಲ್ಲಿ). ಕೆಳಗಿನ ಶೇ. 35 ಮಾತ್ರ ಬಂತು. ಮಲಗಿದಾಗ ರಾತ್ರಿ 1 ಗಂಟೆ.

ಭಾನುವಾರ, ಬೆಳಿಗ್ಗೆ: ಟಿಕ್ ಹಾಕಿದರೆ ಕುಗ್ಗುವ ನೆಂಟರು

ಫೋಟೋ ಮುಟ್ಟಿದರೆ ಬಲಗಡೆ ಮೇಲಿನ ಮೂಲೆಯಲ್ಲಿ ಹಸಿರು ಟಿಕ್ ಬೀಳುತ್ತದೆ. ಅಂದಕ್ಕೆ ಅಂತ ಅದನ್ನು ಫೋಟೋದಿಂದ 8 ಯೂನಿಟ್ ಆಚೆ ಚಾಚುವ ಹಾಗೆ ಇಟ್ಟಿದ್ದೆ. ಈಗ ಟಿಕ್ ಬಿದ್ದ ಕೂಡಲೇ ಕೆಳಗಿನ ಪ್ರತಿಬಿಂಬ ಎಡಕ್ಕೆ ಸರಿದು ಕುಗ್ಗುತ್ತಿತ್ತು. ಟಿಕ್ ತೆಗೆದರೆ ಮತ್ತೆ ಹಿಗ್ಗುತ್ತಿತ್ತು.

ಕಾರಣ: ವಿಷುಯಲ್ ಬ್ರಷ್ ಒಳಗಿರುವ ಎಲ್ಲವನ್ನೂ ಸೇರಿಸಿ ಅಳತೆ ಹಿಡಿಯುತ್ತದೆ. ಟಿಕ್ ಬಂದ ಮೇಲೆ ಅಗಲ 240 ಅಲ್ಲ, 248. ಅದನ್ನು 240ಕ್ಕೆ ಒತ್ತುತ್ತದೆ. ವ್ಯೂಬಾಕ್ಸ್ ಯೂನಿಟ್ಸ್ ಅನ್ನು ಆಬ್ಸೊಲ್ಯೂಟ್ ಮಾಡಿ 0, 104, 240, 56 ಅಂತ ನಿಜವಾದ ಅಳತೆಯನ್ನೇ ಬರೆದೆ. ಅಲುಗಾಟ ನಿಂತಿತು.

ಇನ್ನೊಂದು ಸಣ್ಣದು, ಆದರೆ ಕಣ್ಣಿಗೆ ಚುಚ್ಚುವಂಥದ್ದು. ಫೋಟೋಗೂ ಪ್ರತಿಬಿಂಬಕ್ಕೂ ನಡುವೆ ಗೆರೆ ಬೇಕಲ್ಲ, 2 ಯೂನಿಟ್ ಬಿಟ್ಟಿದ್ದೆ. ನನ್ನ ಲ್ಯಾಪ್‌ಟಾಪಲ್ಲಿ ಗೆರೆ ಚೂಪಾಗಿತ್ತು. ಅಂಗಡಿಯಲ್ಲಿ ಮಬ್ಬು. 125%ನಲ್ಲಿ 2 ಯೂನಿಟ್ ಅಂದರೆ ಎರಡೂವರೆ ಪಿಕ್ಸೆಲ್, ಅರ್ಧ ಪಿಕ್ಸೆಲ್ ಎಲ್ಲಿಂದ ತರುವುದು? 4 ಮಾಡಿದರೆ 5 ಪಿಕ್ಸೆಲ್, ಆಗ ಫೋಟೋ ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತದೆ. 1.6 ಇಟ್ಟೆ, ಸರಿಯಾಗಿ 2 ಪಿಕ್ಸೆಲ್.

ಭಾನುವಾರ, ಮಧ್ಯಾಹ್ನ: ಸುಮ್ನೆ ಬಟನ್ ಮುಟ್ಟಿದೆ

ಉತ್ಸಾಹ ಜಾಸ್ತಿಯಾಗಿ ಕೆಳಗಿನ ಎರಡು ಬಟನ್‌ಗೂ ಅದೇ ಉಪಚಾರ ಮಾಡಿದೆ. ಒಂದು "ಆಯ್ಕೆ ನೋಡಿ", ಇನ್ನೊಂದು "ಮುಗಿಯಿತು". ಬಟನ್ ಎತ್ತರ 48, ಅಕ್ಷರ 18. ಶೇ. 35 ಅಂದರೆ ಕೆಳಗಿನ 17 ಯೂನಿಟ್ ಸುಮಾರು.

ಆ 17ರಲ್ಲಿ ಅಕ್ಷರದ ಮೈ ಬರುವುದಿಲ್ಲ. ಅದು ಮೇಲೆಯೇ ನಿಂತುಬಿಡುತ್ತದೆ. ಬರುವುದು ಒತ್ತು ಮಾತ್ರ. ಹಾಗಾಗಿ "ಆಯ್ಕೆ ನೋಡಿ" ಬಟನ್ ಕೆಳಗೆ ಕ ಒತ್ತು ಒಂದೇ ತಲೆಕೆಳಗಾಗಿ, ಒಡೆದ ಬಳೆ ಚೂರಿನ ಹಾಗೆ ಬಿದ್ದಿತ್ತು. ಪಕ್ಕದ "ಮುಗಿಯಿತು" ಬಟನ್‌ನಲ್ಲಿ ಒತ್ತೇ ಇಲ್ಲ, ಅದರ ಕೆಳಗೆ ಬರೀ ಬಣ್ಣ. ಇಂಗ್ಲಿಷ್ ಬಟನ್ ಇಟ್ಟುಕೊಂಡು ಮಾಡಿದ ಉದಾಹರಣೆಗಳಲ್ಲಿ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ, ಯಾಕಂದ್ರೆ ಅಲ್ಲಿ g, y ಥರದ ಅಕ್ಷರಗಳ ಬಾಲ ಬಿಟ್ಟರೆ ಒತ್ತಿಲ್ಲ.

ಅಕ್ಕ ಊಟಕ್ಕೆ ಕರೆಯಲು ಬಂದವಳು ನೋಡಿ, "ಇದೇನೋ ಬಟನ್ ಕೆಳಗೆ ಕಸ?" ಅಂದಳು.

ಅಕ್ಷರ ಬಿಟ್ಟು ಹಿಂದಿನ ಬಣ್ಣದ ಬಾರ್ಡರ್ ಮಾತ್ರ ಪ್ರತಿಬಿಂಬಿಸುವ ಹಾಗೆ ಮಾಡಿ ನೋಡಿದೆ. ಕಸ ಹೋಯಿತು. ಆದರೆ ಬಟನ್ ಫೋಟೋ ಥರ ನಿಂತ ವಸ್ತುವೇ ಅಲ್ಲ, ಅದಕ್ಕೆ ನೆಲ ಯಾಕೆ? ತೆಗೆದೇಬಿಟ್ಟೆ. ಎರಡು ಗಂಟೆ ದಂಡ.

ಭಾನುವಾರ, ಸಂಜೆ: ಅಂಗಡಿಯಲ್ಲಿ ಮಾನ ಹೋದದ್ದು

ಇಲ್ಲಿವರೆಗೂ ನಾನು ಪರೀಕ್ಷೆ ಮಾಡಿದ್ದು ನನ್ನ ಮೊಬೈಲಿನ 40 ಫೋಟೋ ಇಟ್ಟುಕೊಂಡು, ಅದೂ ವಾಟ್ಸಾಪ್‌ನಲ್ಲಿ ಬಂದು ಸಣ್ಣದಾದವು. ಅಂಗಡಿಯಲ್ಲಿ ಒಂದು ಮದುವೆ ಅಂದರೆ 1,200 ಫೋಟೋ, ಒಂದೊಂದೂ 6000 x 4000. ಓಪನ್ ಮಾಡಿದೆ. ಕಂಪ್ಯೂಟರ್ ನಿಂತೇ ಹೋಯಿತು. ಗಿರಾಕಿಗಳು ಕೂತಿದ್ದರು. ಭಾವ ಏನೂ ಅನ್ನಲಿಲ್ಲ, ಕಾಫಿ ತರಿಸಿದರು. ಅದು ಇನ್ನೂ ಕಷ್ಟ.

ತಪ್ಪುಗಳನ್ನು ಒಂದೊಂದಾಗಿ ಬಿಡಿಸಿದ್ದು ಮುಂದಿನ ವಾರ.

ಮೊದಲನೇ ತಪ್ಪು ಹಳೇದೇ. 6000 x 4000 ಫೋಟೋ ಬಿಚ್ಚಿದರೆ ಪಿಕ್ಸೆಲ್‌ಗೆ 4 ಬೈಟ್ ಲೆಕ್ಕದಲ್ಲಿ 96 ಎಂಬಿ. ನಲವತ್ತಕ್ಕೇ 3.8 ಜಿಬಿ. ಯಂತ್ರದಲ್ಲಿರುವುದೇ 4. ಹೋದ ವರ್ಷದ ವರ್ಷನ್‌ನಲ್ಲಿ ಕ್ಯಾಮೆರಾ ಕೊಡುವ ಸಣ್ಣ ಥಂಬ್‌ನೇಲ್ ತೋರಿಸುತ್ತಿದ್ದೆ. ಪ್ರತಿಬಿಂಬ ಚೂಪಾಗಿ ಬರಲಿ ಅಂತ ಈ ಸಲ ದೊಡ್ಡ ಫೈಲನ್ನೇ ಕೊಟ್ಟೆ. ಯಾರೂ ಕೇಳಿರಲಿಲ್ಲ. ಡಿಕೋಡ್ ಪಿಕ್ಸೆಲ್ ವಿಡ್ತ್ 300, ಅಂದರೆ ಬಿಚ್ಚುವಾಗಲೇ ಅಷ್ಟು ಅಗಲಕ್ಕೆ ಇಳಿಸು ಅಂತ, ಕೊಟ್ಟ ಮೇಲೆ ಒಂದು ಅಡ್ಡ ಫೋಟೋಗೆ 240 ಕೆಬಿ. ಎತ್ತರ ಕೊಡಬಾರದು, ಅಗಲ ಮಾತ್ರ, ಆಗ ಆಕಾರ ಕೆಡುವುದಿಲ್ಲ. ಕ್ಯಾಶ್ ಆಪ್ಶನ್ ಆನ್ ಲೋಡ್ ಅಂತಲೂ ಹಾಕಿ. ಇಲ್ಲದಿದ್ದರೆ ಪ್ರೋಗ್ರಾಂ ಫೈಲನ್ನು ಹಿಡಿದುಕೊಂಡೇ ಇರುತ್ತದೆ, ಭಾವನಿಗೆ ಫೋಟೋ ಡಿಲೀಟ್ ಮಾಡಲು ಬರುವುದಿಲ್ಲ.

ಎರಡನೇ ತಪ್ಪು, ಫೋಟೋಗಳನ್ನು ರ್‍ಯಾಪ್ ಪ್ಯಾನೆಲ್‌ನಲ್ಲಿ ಸುರಿದದ್ದು. ಕಾಣುವುದು 15 ಆದರೂ 1,200 ಡಬ್ಬಿಯನ್ನೂ ಅದು ಕಟ್ಟಿಯೇ ಕಟ್ಟುತ್ತದೆ. 5 ಫೋಟೋಗೆ ಒಂದು ಸಾಲು ಮಾಡಿ, 240 ಸಾಲುಗಳನ್ನು ವರ್ಚುವಲೈಸಿಂಗ್ ಸ್ಟ್ಯಾಕ್ ಪ್ಯಾನೆಲ್‌ಗೆ ಕೊಟ್ಟೆ. ಈಗ ಕಾಣುವಷ್ಟನ್ನೇ ಕಟ್ಟುತ್ತದೆ. ಸಾಲು ಸಾಲಾಗಿ ಗಾಜಿನ ಶೋಕೇಸ್ ಥರ ಕಾಣುವುದು ಬೋನಸ್.

ಎರಡನೇ ಶನಿವಾರ: ಡ್ರೈವರ್

ಹಾಗೆ ಮಾಡಿದರೂ ಬೆರಳಲ್ಲಿ ಎಳೆದರೆ ಸಾಲುಗಳು ಕುಂಟುತ್ತಿದ್ದವು. ಪ್ರತಿ ಸಲ ಸ್ಕ್ರೀನ್ ಹೊಸದಾಗಿ ಬರೆಯುವಾಗ ಬರುವ ಸೂಚನೆಯನ್ನು (ಕಂಪೊಸಿಷನ್ ಟಾರ್ಗೆಟ್‌ನ ರೆಂಡರಿಂಗ್ ಈವೆಂಟ್) ಎಣಿಸಿದೆ: ಸೆಕೆಂಡಿಗೆ 9, ಕೆಲವೊಮ್ಮೆ 11 ಫ್ರೇಮ್. ನನ್ನ ಲ್ಯಾಪ್‌ಟಾಪಲ್ಲಿ 60.

ರೆಂಡರ್ ಕೇಪಬಿಲಿಟಿ ಟಿಯರ್ ಪ್ರಿಂಟ್ ಮಾಡಿದೆ. ಆ ನಂಬರನ್ನು 16 ಬಿಟ್ ಬಲಕ್ಕೆ ಸರಿಸಿ ಓದಬೇಕು. 2 ಬಂದರೆ ಗ್ರಾಫಿಕ್ಸ್ ಚಿಪ್ ಪೂರ್ತಿ ಕೆಲಸ ಮಾಡುತ್ತಿದೆ. ಬಂದದ್ದು 0. ಅಂದರೆ ಎಲ್ಲವನ್ನೂ ಬಡಪಾಯಿ ಪ್ರೊಸೆಸರೇ ಎಳೆಯುತ್ತಿದೆ. ಡಿವೈಸ್ ಮ್ಯಾನೇಜರ್ ತೆಗೆದು ನೋಡಿದರೆ ವಿಂಡೋಸ್ ಜೊತೆ ಬರುವ ಬೇಸಿಕ್ ಡಿಸ್‌ಪ್ಲೇ ಡ್ರೈವರ್. ಯಾವಾಗಲೋ ವಿಂಡೋಸ್ ಮತ್ತೆ ಹಾಕಿಸಿದಾಗ ಗ್ರಾಫಿಕ್ಸ್ ಡ್ರೈವರ್ ಹಾಕದೆ ಬಿಟ್ಟಿದ್ದಾರೆ. ಸರಿಯಾದ ಡ್ರೈವರ್ ಹಾಕಿದ ಮೇಲೆ 27 ಫ್ರೇಮ್ ಬಂತು. ಖರ್ಚು ಸೊನ್ನೆ. ಇದನ್ನು ಮೊದಲ ದಿನವೇ ನೋಡಬೇಕಿತ್ತು.

ಎರಡನೇ ಭಾನುವಾರ: ಅರ್ಧ ಕೋಡ್ ಕಿತ್ತು ಹಾಕಿದ್ದು

27 ಸಾಲದು. ಊಟ ಮಾಡುತ್ತಾ ಯೋಚಿಸಿದೆ. ವಿಷುಯಲ್ ಬ್ರಷ್ ಜೀವಂತ ಕನ್ನಡಿ. ಮೇಲೆ ಏನು ಬದಲಾದರೂ ಕೆಳಗೆ ಬದಲಾಗುತ್ತದೆ. ವಿಡಿಯೋಗೆ, ಟೈಪ್ ಮಾಡುವ ಡಬ್ಬಿಗೆ ಅದು ಬೇಕು. ಆದರೆ ಫೋಟೋ ಬದಲಾಗುವುದೇ ಇಲ್ಲವಲ್ಲ! ಬದಲಾಗುವುದು ಟಿಕ್ ಮಾತ್ರ. ಅದು ಮೇಲಿನ ಮೂಲೆಯಲ್ಲಿದೆ, ಪ್ರತಿಬಿಂಬದ ಶೇ. 35ರೊಳಗೆ ಬರುವುದೇ ಇಲ್ಲ.

ವಿಷುಯಲ್ ಬ್ರಷ್ ತೆಗೆದು ಇಮೇಜ್ ಬ್ರಷ್ ಹಾಕಿದೆ. ಫೋಟೋಗೆ ಕೊಟ್ಟ ಅದೇ ಬಿಟ್‌ಮ್ಯಾಪ್ (ಮೆಮೊರಿಯಲ್ಲಿ ಬಿಚ್ಚಿಟ್ಟ ಚಿತ್ರ) ಕೆಳಗೂ, ಮಗುಚಿ. ಮೆಮೊರಿಯಲ್ಲಿ ಇನ್ನೊಂದು ಪ್ರತಿ ಬೇಕಿಲ್ಲ. ಭಾನುವಾರ ಬೆಳಿಗ್ಗೆ ಎಲ್ಲ ಒದ್ದಾಡಿ ಮಾಡಿದ್ದ 0, 104, 240, 56 ಕೂಡ ಬೇಡವಾಯಿತು. ಮೊದಲಿನ 0, 0.65, 1, 0.35 ಸಾಕು.

ರನ್ ಮಾಡಿದರೆ ಹೊಸ ತಮಾಷೆ. ಅಡ್ಡ ಫೋಟೋಗಳು ಸರಿ. ಉದ್ದ ಫೋಟೋಗಳಲ್ಲಿ ಮೇಲೆ ಮದುಮಗಳು ನಿಂತಿದ್ದಾಳೆ, ಕೆಳಗೆ ಪ್ರತಿಬಿಂಬದಲ್ಲಿ ಅಡ್ಡ ಮಲಗಿದ್ದಾಳೆ. ಕ್ಯಾಮೆರಾ ಉದ್ದ ಫೋಟೋವನ್ನೂ ಅಡ್ಡವೇ ಉಳಿಸುತ್ತದೆ, "ತಿರುಗಿಸಿ ತೋರಿಸು" ಅಂತ ಎಕ್ಸಿಫ್‌ನಲ್ಲಿ (ಫೋಟೋ ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ಮಾಹಿತಿ) ಒಂದು ಸಂಖ್ಯೆ ಬರೆದಿಡುತ್ತದೆ. ಡಬ್ಲ್ಯುಪಿಎಫ್ ಅದನ್ನು ತಾನಾಗಿ ನೋಡುವುದಿಲ್ಲ. ಹೋದ ವರ್ಷ ಅವಸರದಲ್ಲಿ ನಾನು ತೋರಿಸುವ ಇಮೇಜ್ ಕಂಟ್ರೋಲನ್ನೇ ತಿರುಗಿಸಿದ್ದೆ. ಬಿಟ್‌ಮ್ಯಾಪ್ ಒಳಗೆ ಇನ್ನೂ ಮಲಗಿಯೇ ಇತ್ತು. ಇಮೇಜ್ ಬ್ರಷ್‌ಗೆ ಸಿಕ್ಕಿದ್ದು ಅದೇ. ಲೋಡ್ ಮಾಡುವಾಗಲೇ ತಿರುಗಿಸುವ ಹಾಗೆ ಮಾಡಿದೆ: ಸಂಖ್ಯೆ 6 ಇದ್ದರೆ 90 ಡಿಗ್ರಿ, 8 ಇದ್ದರೆ 270. ಪ್ರತಿಬಿಂಬದ ಅಗಲವನ್ನು ಫೋಟೋದ ನಿಜವಾದ ಅಗಲಕ್ಕೆ ಕಟ್ಟಿದೆ. ಎಲ್ಲ ಫೋಟೋ ಕೆಳಗೆ ಊರಿ ನಿಲ್ಲುವ ಹಾಗೆ ಜೋಡಿಸಿದೆ. ನಡುವಿನಲ್ಲಿ ತೇಲಿದರೆ ನೆಲ ಅನ್ನುವುದೇ ಸುಳ್ಳಾಗುತ್ತದೆ.

ಆಮೇಲೆ ಒಪಾಸಿಟಿ ಮಾಸ್ಕ್. ಅದೂ ಭಾರ, ಪ್ರತಿ ಫೋಟೋಗೂ ಬೇರೆ ಹಾಳೆಯ ಮೇಲೆ ಬರೆದು ತಂದು ಅಂಟಿಸಬೇಕು. ಹಿನ್ನೆಲೆ ಒಂದೇ ಬಣ್ಣ ತಾನೆ? ಹಾಗಿದ್ದರೆ ಮಾಸಿಸುವುದೇ ಬೇಡ, ಮೇಲಿಂದ ಹಿನ್ನೆಲೆಯ ಬಣ್ಣವನ್ನೇ ಗ್ರೇಡಿಯಂಟ್ ಆಗಿ ಬಳಿದರೆ ಆಯಿತು. ಬುಡದಲ್ಲಿ ತೆಳು, ಕೆಳಗೆ ದಪ್ಪ. ಗೋಡೆಯ ಕಲೆಗೆ ಸುಣ್ಣ ಬಳಿದ ಹಾಗೆ.

ಇಲ್ಲೂ ಜಾರಿದೆ. ಹಿನ್ನೆಲೆ 202020, ಅಂದರೆ ಕಡು ಬೂದು. ಗ್ರೇಡಿಯಂಟನ್ನು "ಟ್ರಾನ್ಸ್‌ಪರೆಂಟ್"ನಿಂದ 202020ಕ್ಕೆ ಕೊಟ್ಟೆ. ನಡುವೆ ಹಾಲು ಚೆಲ್ಲಿದ ಹಾಗೆ ಬಿಳಿ ಮಂಜು. ಡಬ್ಲ್ಯುಪಿಎಫ್‌ನಲ್ಲಿ ಟ್ರಾನ್ಸ್‌ಪರೆಂಟ್ ಅಂದರೆ ಬಣ್ಣವೇ ಇಲ್ಲ ಅಂತ ಅಲ್ಲ, ಕಾಣದ ಬಿಳಿ. ಬಿಳಿಯಿಂದ ಬೂದಿಗೆ ಹೋಗುವ ದಾರಿಯಲ್ಲಿ ಆ ಬಿಳಿ ಕಾಣಿಸಿಕೊಳ್ಳುತ್ತದೆ. ಎರಡು ತುದಿಗೂ 202020 ಬಣ್ಣವನ್ನೇ ಕೊಟ್ಟು, ದಟ್ಟತೆ ಮಾತ್ರ ಮೇಲೆ ಶೇ. 60, ಕೆಳಗೆ ಶೇ. 100 ಮಾಡಿದೆ. ಮಂಜು ಹೋಯಿತು.

ಎಣಿಸಿದೆ: 57, 58 ಫ್ರೇಮ್.

ಸಂಜೆ ಭಾವ ಬಂದು, ಹಿನ್ನೆಲೆ ಮರೂನ್ ಇದ್ದರೆ ಮದುವೆಗೆ ಒಪ್ಪುತ್ತದೆ ಅಂದರು. ಹಿನ್ನೆಲೆ ಬದಲಾಯಿಸಿದೆ, ಸುಣ್ಣದ ಬಣ್ಣ ಮರೆತೆ. ಪ್ರತಿ ಫೋಟೋದ ಕೆಳಗೂ ಬೂದು ಪಟ್ಟಿ, ಗೋಣಿಚೀಲ ಹಾಸಿದ ಹಾಗೆ. ಬಣ್ಣವನ್ನು ಒಂದೇ ಕಡೆ ರಿಸೋರ್ಸ್ ಮಾಡಿಟ್ಟು ಎರಡೂ ಕಡೆ ಅಲ್ಲಿಂದಲೇ ತಗೊಂಡೆ. ಮುಂದೆ ಹಿನ್ನೆಲೆಗೆ ಹೂವಿನ ಡಿಸೈನ್ ಬೇಕು ಅಂದರೆ ಈ ಉಪಾಯ ನಡೆಯುವುದಿಲ್ಲ, ಒಪಾಸಿಟಿ ಮಾಸ್ಕಿಗೇ ವಾಪಸ್. ಹೇಳಿದ್ದೇನೆ.

ಕೊನೆಯ ಕಾಟ: ಬೆರಳು

ಜನ ಸ್ಕ್ರೀನ್ ಹತ್ತಿರ ಕೂತಾಗ ಹೆಬ್ಬೆರಳನ್ನು ಎರಡು ಸಾಲಿನ ನಡುವೆ ಊರುತ್ತಾರೆ. ಅಲ್ಲೇ ಪ್ರತಿಬಿಂಬ ಇರುವುದು. ಬೇಡದ ಫೋಟೋಗಳಿಗೆ ಟಿಕ್ ಬೀಳುತ್ತಿತ್ತು. ಒಬ್ಬರ ಪಟ್ಟಿಯಲ್ಲಿ ಅಡುಗೆ ಭಟ್ಟರ ಫೋಟೋ ಮೂರು ಸಲ ಬಂತು.

ಪ್ರತಿಬಿಂಬ ಬೆರಳಿಗೆ ಸಿಗಬಾರದು ಅಂತ ಅದಕ್ಕೆ ಹಿಟ್ ಟೆಸ್ಟ್ ವಿಸಿಬಲ್ ಫಾಲ್ಸ್ ಮಾಡಿದೆ. ಏನೂ ಬದಲಾಗಲಿಲ್ಲ. ಯಾಕಂದ್ರೆ ಅದರ ಹಿಂದೆ ಲಿಸ್ಟ್‌ಬಾಕ್ಸ್ ಐಟಂ (ಫೋಟೋ, ಪ್ರತಿಬಿಂಬ ಎರಡನ್ನೂ ಹೊತ್ತ ಡಬ್ಬಿ) ಇದೆ, ಅದರ ಹಿನ್ನೆಲೆ ಮತ್ತದೇ ಟ್ರಾನ್ಸ್‌ಪರೆಂಟ್, ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಐಟಂನ ಟೆಂಪ್ಲೇಟ್ ಬದಲಿಸಿ ಹಿನ್ನೆಲೆಯನ್ನು ನಲ್ (ಹಿನ್ನೆಲೆಯೇ ಇಲ್ಲ) ಮಾಡಿದ ಮೇಲೆ ಬೆರಳು ನಿಜವಾಗಿ ಖಾಲಿ ಜಾಗಕ್ಕೆ ಬೀಳತೊಡಗಿತು.

ಲೆಕ್ಕ: 4 ಜಿಬಿ ಹಳೇ ರ್‍ಯಾಮ್ ಒಂದು, 900 ರೂಪಾಯಿ (ಡಿಕೋಡ್ ಸರಿ ಮಾಡಿದ ಮೇಲೆ ಅದರ ಅಗತ್ಯವೇ ಇರಲಿಲ್ಲ, ಮೊದಲೇ ಆರ್ಡರ್ ಮಾಡಿಬಿಟ್ಟಿದ್ದೆ). ಎರಡು ವೀಕೆಂಡ್, ಸುಮಾರು 19 ಗಂಟೆ. ಮೊದಲ ಪುಟದಲ್ಲಿ ಓಡುವ ಮದುವೆ ವಿಡಿಯೋಗೆ ಮಾತ್ರ ವಿಷುಯಲ್ ಬ್ರಷ್ ಉಳಿಸಿದ್ದೇನೆ. ಒಂದೇ ಇರುವುದರಿಂದ ಯಂತ್ರ ತಡೆದುಕೊಳ್ಳುತ್ತದೆ.

ರಾತ್ರಿ ಶಟರ್ ಅರ್ಧ ಎಳೆದು, ಲೈಟ್ ಆರಿಸಿ ಕೊನೇ ಸಲ ನೋಡುತ್ತಿದ್ದೆ. ಮಾನಿಟರ್ ನಿಂತಿರುವುದು ಅದೇ ಗ್ರಾನೈಟ್ ಕೌಂಟರ್ ಮೇಲೆ. ಇಡೀ ಸ್ಕ್ರೀನ್ ಕಲ್ಲಿನಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ನಾನು ಮಗುಚಿಟ್ಟ ಪ್ರತಿಬಿಂಬಗಳು ಮಾತ್ರ ಅದರಲ್ಲಿ ನೆಟ್ಟಗೆ ನಿಂತಿದ್ದವು. ಭಾವನನ್ನು ಕರೆದು ತೋರಿಸಿದೆ. ಬಗ್ಗಿ ನೋಡಿದರು.

"ಅಲ್ಲ ಮಾರಾಯ, ಕಲ್ಲು ಇಷ್ಟು ಚೆನ್ನಾಗಿ ಮಾಡತ್ತೆ ಅಂತಾದ್ರೆ ನೀನು ಎರಡು ವಾರ ಏನು ಮಾಡ್ತಿದ್ದೆ?"